ವಿಜ್ಞಾನಿಯ ನಗು

ತಿಕೋಟಾ, ೧೯೬೨

ಪ್ರೀತಿಯ ಗುರಲಿಂಗಣ್ಣನಿಗೆ ತಂಗಿ ಗೌರಾಬಾಯಿಯ ಶರಣು.

ವಿಜಾಪುರದಲ್ಲಿ ನಿನ್ನ ನಾಟಕಕ್ಕೆ ಜನ ಕಿಕ್ಕಿರಿಯುತ್ತಿದ್ದಾರಂತೆ. ಸಂತೋಷಪಡಬೇಕಾದವಳು ನಾನು ಅಂಜಿ ಕೂತಿದ್ದೇನೆ.

ನೀವು ತಿಕೋಟಾದಲ್ಲಿ ಆಡಿದಾಗ ಸುತ್ತಲಿನ ಹಳ್ಳಿಗಳವರು ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಕರಿ ಕೋಟು, ದಪ್ಪ ಗಾಜಿನ ಚಾಳೀಸು ಹಾಕಿ ನೀನು ವಿಜ್ಞಾನಿಯಾಗಿ ಬಂದೆ. ಮಲಗಿದ್ದ ಮಗುವಿನ ಮೇಲೆ ಬಾಗಿ ಮೆಲ್ಲಗೆ ನಕ್ಕೆ. ಆಮೇಲೆ ಅದರ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ಕುದಿಸಿದೆ. ಒಡಹುಟ್ಟಿದವನೆಂದು ಗೊತ್ತಿದ್ದೂ ನಾನು ಸೆರಗು ಕಚ್ಚಿ ಹಿಡಿದಿದ್ದೆ.

ನನ್ನ ಯಜಮಾನರದು ಮಲೇರಿಯಾ ಕೆಲಸ. ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತ ಗಾಜಿನ ಪಟ್ಟಿಗೆ ಹಿಡಿದು, ಗುಳಿಗೆ ಕೊಟ್ಟು ಬರುತ್ತಾರೆ. ಹೋದ ಸೋಮವಾರ ಕಳ್ಳಕವಟಗಿಗೆ ಹೋದರು. ಅಲ್ಲಿ ಹುಲಿಗೆವ್ವ ಎಂಬವಳ ಕೂಸಿನ ಮೈ ಕೆಂಡದಂತೆ ಸುಡುತ್ತಿತ್ತಂತೆ. ಕೂಸು ಹೆದರಬಾರದೆಂದು ಇವರು ಅದರ ಮುಖ ನೋಡಿ ನಕ್ಕರು. ಅಷ್ಟೇ. ಅವಳು ಚೀರಿದಳಂತೆ: "ಓಡಿ ಬರ್ರಿ ಯಪ್ಪಾ! ನಾಟಕದಾಗಿನಂವ ಬಂದಾನ! ಹಂಗ ನಗಾಕತ್ತಾನ!"

ಗಂಡಸರು ಗಾಜಿನ ಪಟ್ಟಿಗಳನ್ನು ಒಡೆದರು. ಯಾರೋ ಎಸೆದ ಕಲ್ಲು ಇವರ ಹಣೆಗೆ ಬಿತ್ತು. ಸಂಜೆ ಮನೆಗೆ ಬಂದು ಕುಸಿದವರು ಆಡಿದ್ದು ಒಂದೇ ಮಾತು: "ಆ ಕೂಸಿಗೆ ಗುಳಿಗಿ ಮುಟ್ಟಲಿಲ್ಲ ನೋಡ."

ಮರುದಿನ ಮತ್ತೆ ಹೊರಟರು. ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ, ತುಂಬಿದ ಬಸುರಿ ನಾನೂ ಚಕ್ಕಡಿ ಹತ್ತಿದೆ. ಹುಲಿಗೆವ್ವನ ಬಾಗಿಲಲ್ಲಿ ಕೂತು, ಜನ ಸುತ್ತುಗಟ್ಟಿರುವಾಗಲೇ ನನ್ನ ಬೆರಳು ಮುಂದೆ ಮಾಡಿದೆ. ಇವರು ಚುಚ್ಚಿದರು.

"ಇವರು ನಮ್ಮ ಮನಿಯವರು, ಯವ್ವಾ. ನಾಟಕದಾಗಿನಂವ ನಮ್ಮಣ್ಣ. ಆತ ಯಾರನ್ನೂ ಕೊಂದಿಲ್ಲ, ಇವರೂ ಕೊಲ್ಲಂಗಿಲ್ಲ" ಎಂದೆ. ಹಿಂದಿನಿಂದ ಕಲ್ಲು ಬಂದರೆ ಹೊಟ್ಟೆಯನ್ನು ಹೇಗೆ ಮುಚ್ಚಿಕೊಳ್ಳಲಿ ಎನ್ನುವುದೊಂದೇ ತಲೆಯಲ್ಲಿತ್ತು. ಹುಲಿಗೆವ್ವ ನನ್ನ ಬಸುರನ್ನೇ ಬಹಳ ಹೊತ್ತು ನೋಡಿದಳು. ಕೊನೆಗೆ ಕೂಸಿನ ಕೈ ಚಾಚಿದಳು. "ಚುಚ್ರಿ. ಆದರ ನಗಬ್ಯಾಡ್ರಿ."

ಕೂಸಿನ ಜ್ವರ ಇಳಿದಿದೆ. ಇವರು ಮಾತ್ರ ಈಗ ಮನೆಯಲ್ಲೂ ನಗುವುದಿಲ್ಲ ಅಣ್ಣಾ.

"ಊರಿಗೂರ ಸುಡೂ ಬಾಂಬ ಮಾಡಿದವರು ಇಂಥವರ ಅಲ್ಲೇನ? ಜನ ಅಂಜಬ್ಯಾಡೇನ?" ಎಂದು ನೀನೊಮ್ಮೆ ಕೇಳಿದ್ದೆ. ಆ ಬಾಂಬಿಗೆ ನಾನೂ ಅಂಜುತ್ತೇನೆ. ಆದರೆ ಮುಂದಿನ ವಾರ ಬಬಲೇಶ್ವರದಲ್ಲಿ ನಿಮ್ಮ ನಾಟಕ. ಆಮೇಲೆ ಅಲ್ಲೇ ಹತ್ತಿರದ ಸಾರವಾಡದ ಕಡೆಗೆ ಇವರ ಪಾಳಿ.

ನಾಟಕ ನಿಲ್ಲಿಸು ಎನ್ನಲಾರೆ. ನಿನ್ನ ವಿಜ್ಞಾನಿ ಕೆಟ್ಟವನೇ ಇರಲಿ. ಜೊತೆಗೆ ಇನ್ನೊಬ್ಬ ವಿಜ್ಞಾನಿಯನ್ನೂ ರಂಗಕ್ಕೆ ತಾ, ಮನೆ ಇರುವವನನ್ನು. ಹೊತ್ತು ಮುಳುಗಿದರೂ ಅವನು ಬಾರದಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಡತಿಯನ್ನು ನಿಲ್ಲಿಸು. ಅವಳಿಗೆ ಮಾತು ಬೇಡ. ಕೂತು ನೋಡುವ ಹೆಂಗಸರಿಗೆ ಅಷ್ಟು ಸಾಕು.

ನಿನ್ನ ಕಂಠವನ್ನೂ ಇವರ ತಲೆಯನ್ನೂ ದೇವರು ಕಾಯಲಿ.

ದಾರಿ ನೋಡುತ್ತ ಕೂತಿರುವ,
ನಿನ್ನ ಗೌರಾ