ಮಾಡಿನ ಕೆಳಗಿನ ಕಿಂಡಿಗಳು

ಡಿಸೆಂಬರ್ 11, ಭಾನುವಾರ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಾವು ಕ್ಷೇಮ. ನೀನು ಹೋಗಿ ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ಕ್ಷಮಿಸು. ಕೆಲಸ ಜಾಸ್ತಿಯಿತ್ತು ಎಂದರೆ ನೀನು ನಂಬುವವನಲ್ಲ. ಹೊಸ ಗ್ಯಾರೇಜಿನವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೆಯೇ?

ಇಲ್ಲಿ ಬಕೆಟ್ಟಿನ ನೀರು ಗಟ್ಟಿಯಾಗುವಷ್ಟು ಚಳಿ. ಅಮ್ಮ ಬೆಳಗ್ಗೆ ಕೋಳಿಗಳಿಗೆ ಬಿಸಿನೀರು ಹೊರುತ್ತಾಳೆ, ನನಗೆ ಕಾಫಿ ಆಮೇಲೆ. ಗೂಡಿನ ತಗಡು ಮಾಡಿನ ಕೆಳಗೆ ನೀನು ಕೊರೆದ ಕಿಂಡಿಗಳಿಗೆ ನಾನು ಗೋಣಿಚೀಲ ತುರುಕಿದ್ದೆನಲ್ಲ, ಎಲ್ಲ ಕಿತ್ತು ಹಾಕಿದ್ದೇನೆ. "ಅಣ್ಣಾ, ಕೆಳಗಿಂದ ಗಾಳಿ ನುಗ್ಗಬಾರದು, ಮೇಲಿಂದ ಹಬೆ ಹೋಗ್ಬೇಕು. ಕೋಳಿ ಚಳಿ ತಡ್ಕೊಳ್ಳುತ್ತೆ, ತೇವ ತಡ್ಕೊಳ್ಳಲ್ಲ" ಎಂದು ನೀನು ಬಡಿದುಕೊಂಡೆ. "ಕೋಳಿ ಕೇಳಿ ಮಸಾಲೆ ಅರೀತಾರೇನೋ?" ಎಂದು ನಾನು ನಕ್ಕೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನೀನು ಹೋದ ವಾರವೇ ಪಶುವೈದ್ಯರು ಬಂದರು. ಗೂಡಿನೊಳಗೆ ತಲೆ ಹಾಕಿದವರು ಹಿಕ್ಕೆಯ ಘಾಟಿಗೆ ಕಣ್ಣುಜ್ಜಿಕೊಂಡು ಹೊರಬಂದರು. "ಏನ್ರೀ, ಇವುಗಳ ಉಸಿರೇ ನೀರಾಗಿ ಇವುಗಳ ಮೇಲೇ ಸುರೀತಿದೆ. ಯಾರ್ರೀ ಕಿಂಡಿ ಮುಚ್ಚಿದ್ದು?" ಎಂದರು. ನಾಚಿಕೆಯಾಯಿತು. ನೀನಿದ್ದಾಗಲೇ ಕೋಳಿಗಳು ಸಾಯತೊಡಗಿದವಲ್ಲ, ಆಗ ನೆಲಕ್ಕೆ ಹಾಸಲು ನೀನು ತಂದ ಮರದ ಹೊಟ್ಟು ಒದ್ದೆಯಿತ್ತು, ಅದಕ್ಕೇ ಸತ್ತವು ಎಂದು ಅಮ್ಮನಿಗೆ ಹೇಳಿದವನು ನಾನು. ಆ ಮಾತು ನಂಬಿಯೇ ಅವಳು "ನಿನ್ನ ಕೈಗೆ ಕೊಟ್ಟ ಜೀವ ಒಂದೂ ಉಳಿಯಲ್ಲ" ಎಂದು ನಿನಗೆ ಬೈದದ್ದು.

ವೈದ್ಯರು ಹೇಳಿದ್ದನ್ನು ಅಮ್ಮನಿಗೆ ತಿಳಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗಲಿ, ನಿನಗೂ ಗೊತ್ತಿರ್ಲಿಲ್ವಲ್ಲ. ಅವನನ್ನ ಬರೋಕೆ ಹೇಳೋ" ಎಂದಳು. ಬಾರೋ. ಹುಂಜದ ಜುಟ್ಟಿನ ತುದಿ ಚಳಿಗೆ ಕಪ್ಪಾಗಿದೆ, ಆದರೂ ಜಂಬ ಕಡಿಮೆಯಾಗಿಲ್ಲ. ಉಳಿದವು ಚೇತರಿಸಿಕೊಂಡಿವೆ.

ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು. ನಿನಗೆ ಸದಾ ಒಳ್ಳೆಯದಾಗಲಿ.

ಇಂತಿ ನಿನ್ನ
ಅಣ್ಣ

ಇನ್ನೊಂದು ಮಾತು: ನನಗೆ ಗೊತ್ತಿರಲಿಲ್ಲ ಎಂದು ಅಮ್ಮ ಹೇಳಿದ್ದು ಸುಳ್ಳು, ನನಗೆ ಗೊತ್ತಿತ್ತು. ಅವಳು ಅಂಗಳದಲ್ಲಿ ನಿನಗೆ ಬೈಯುತ್ತಿದ್ದಾಗ ನಾನು ಗೂಡಿನೊಳಗಿದ್ದೆ. ಮಾಡಿಗೆ ಕೈ ತಾಗಿತು, ನೀರು ತೋಳಿಗೆ ಇಳಿಯಿತು, ನೀನು ಹೇಳಿದ್ದೇ ಸರಿ ಎಂದು ಆಗಲೇ ತಿಳಿಯಿತು. ಗೋಣಿ ಕಿತ್ತರೆ ತಪ್ಪು ಒಪ್ಪಿಕೊಂಡಂತೆ ಎಂದು ಕಿಂಡಿಗಳನ್ನು ಹಾಗೇ ಬಿಟ್ಟೆ. ಆ ವಾರ ಇನ್ನೂ ಎರಡು ಸತ್ತವು. ನೀನು ಗೇಟು ಎಳೆದುಕೊಂಡು ಹೋದ ಸದ್ದು ಕೇಳುವವರೆಗೂ ನಾನು ಹೊರಗೆ ಬರಲಿಲ್ಲ.