ಸೂಪಿಗೆ ಸೋಪು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 3.30

ಕ್ಯಾಂಟೀನಿನ ಮೇಜುಗಳ ಮೇಲೆ ಹದಿನೇಳು ಸೂಪಿನ ಬಟ್ಟಲು. ಎಣಿಸಿದೆ. ಹದಿನೇಳರ ಅಂಚಿಗೂ ಕೊತ್ತಂಬರಿ ಸೊಪ್ಪು ಅಂಟಿಸಿ ಇಟ್ಟು ಹೋಗಿದಾರೆ. ಒಂದೊಂದೇ ಎಲೆ ಆರಿಸಿ ತೆಗೆಯೋಕೆ ಪುರುಸೊತ್ತಿದೆ ಇವರಿಗೆ, ಛತ್ರಿಗೆ ಕಡ್ಡಿ ನೆಟ್ಟಗೆ ಕೂರಿಸೋಕೆ ಇಲ್ಲ. ಛತ್ರಿ ಫ್ಯಾಕ್ಟರಿಯಲ್ಲಿ ಬರೀ ಛತ್ರಿಗಳೇ.

ಹೊಲಿಗೆಯವರು "ಇನ್ನೊಂದು ಹಿಡಿ ಉದುರಿಸು ಅಕ್ಕ" ಅಂತಾರೆ. ಪ್ಯಾಕಿಂಗ್‌ನವರು ಮೂಗು ಮುಚ್ಕೋತಾರೆ. ಇವತ್ತು ಎರಡು ಮೇಜಿನ ಮಧ್ಯೆ ಜಗಳವೇ ಆಯ್ತು. "ದನ ಮೇಯ್ದ ಹಾಗೆ ಮೇಯ್ತೀರಲ್ರೀ" ಅಂತ ಪ್ಯಾಕಿಂಗಿನವನು. "ನಿನ್ನ ನಾಲಿಗೆಗೆ ತುಕ್ಕು ಹಿಡಿದಿದೆ" ಅಂತ ಹೊಲಿಗೆಯವಳು. ಇನ್ನೂರು ಜನಕ್ಕೆ ಒಂದೇ ಹಂಡೆ ಕಣ್ರಪ್ಪಾ! ಒಬ್ಬೊಬ್ಬರ ನಾಲಿಗೆಗೂ ಒಂದೊಂದು ಒಲೆ ಹಚ್ಚಲಾ?

ಹಾಕೇ ಹಾಕ್ತೀನಿ. ಸೊಪ್ಪಿಲ್ಲದ ಸೂಪು ಅಂದ್ರೆ ಬಿಸಿನೀರು.

ಮನೇಲಾದ್ರೂ ಒಬ್ರಿದಾರೆ, ಪುಣ್ಯ. ಇವರು ಇದೇ ಫ್ಯಾಕ್ಟರಿಯ ಫಿಟ್ಟರ್. ಮದುವೆಯಾದ ವಾರದಲ್ಲೇ "ಸೊಪ್ಪು ಹಾಕಿದ್ದು ಚೆನ್ನಾಗಿದೆ" ಅಂದಿದ್ರು. ಅವತ್ತಿಂದ ಇಪ್ಪತ್ತೆರಡು ವರ್ಷ, ಇವರ ತಟ್ಟೆಗೆ ಡಬಲ್.

ಮಾರ್ಚ್ 5, ಬುಧವಾರ

ಬರೆದ್ರೆ ಕಾಗದ ಹರೀತಿದೆ. ಸಿಟ್ಟಿಗೆ.

ಊಟದ ಹೊತ್ತಿಗೆ ಮ್ಯಾನೇಜರ್ ಬಂದು ಸಲಹೆ ಡಬ್ಬ ತೆಗೆದ್ರು. ಎಲ್ಲರ ಎದುರಿಗೆ ಒಂದು ಚೀಟಿ ಓದಿದ್ರು — "ಸೂಪಿಗೆ ಸೋಪು ಹಾಕಬೇಡಿ. ಹೊಟ್ಟೆ ತೊಳಸುತ್ತೆ." ಹೆಸರಿಲ್ಲ. ಹಾಲ್ ಪೂರ್ತಿ ಚಮಚ ನಿಂತುಹೋಯ್ತು. ಊಟದಲ್ಲಿ ಸೋಪಾ? ಎಲ್ಲರ ಕಣ್ಣೂ ನನ್ನ ಮೇಲೆ.

"ನನ್ನ ಹಂಡೆ ಚೊಕ್ಕ ಇದೆ ಸಾರ್. ಬಟ್ಟಲು ಸರಿಯಾಗಿ ಜಾಲಿಸಲ್ಲ ಇವಳು" ಅಂದೆ. ಇವಳು ಅಂದ್ರೆ ಠಣಠಣ, ಪಾತ್ರೆ ತೊಳೆಯೋಳು. ಒಂಬತ್ತು ವರ್ಷದಿಂದ ಅವಳ ಪಾತ್ರೆ ಸದ್ದು ಗೇಟಿನವರೆಗೂ ಕೇಳುತ್ತೆ, ಅದಕ್ಕೇ ಆ ಹೆಸರು. ಕೈ ಒದ್ದೆ, ಸೆರಗಿಗೂ ಒರೆಸ್ಕೊಳ್ಳದೆ ನನ್ನನ್ನೇ ನೋಡ್ತಾ ನಿಂತಳು. ಮ್ಯಾನೇಜರ್ ಅವಳನ್ನ ಅಲ್ಲಿಂದಲೇ ಮನೆಗೆ ಕಳಿಸಿದ್ರು. ಮಂಗಳವಾರ ವಿಚಾರಣೆ. ನಿಜ ಅಂತಾದ್ರೆ ಕೆಲಸ ಇಲ್ಲ.

ಇರಬಹುದು. ಒಂದೊಂದು ಸಲ ಗಡಿಬಿಡಿ ಮಾಡ್ತಾಳೆ. ಇರಬಹುದಪ್ಪ.

ಮಾರ್ಚ್ 6, ಗುರುವಾರ

ಇವತ್ತು ನಾನೇ ತೊಳೆದೆ. ಬೆನ್ನು ಬಿದ್ದುಹೋಯ್ತು. ಒಂದು ನೀರಲ್ಲಿ ಅದ್ದಿ ಎತ್ತಿಟ್ಟೆ, ಎರಡನೇ ನೀರಿಗೆ ತಾಳ್ಮೆ ಇರಲಿಲ್ಲ.

ಅವಳು ಮೂರು ನೀರಲ್ಲಿ ಜಾಲಿಸ್ತಾಳೆ. ಗೊತ್ತಿತ್ತು ನನಗೆ. ಹೇಳುವಾಗಲೂ ಗೊತ್ತಿತ್ತು.

ಇಬ್ಬರು ಹೆಣ್ಣುಮಕ್ಕಳು ಅವಳಿಗೆ, ದುಡಿಯೋಳು ಅವಳೊಬ್ಬಳೇ. ಊಟಕ್ಕೆ ಸೋಪು ಹಾಕಿದವಳು ಅಂತ ಹೆಸರು ಬಿದ್ರೆ ಯಾವ ಅಡುಗೆಮನೆ ಒಳಗೆ ಬಿಟ್ಕೊಳ್ಳುತ್ತೆ?

ಇವರು ಊಟ ಮಾಡ್ತಾ "ಯಾರೋ ಪಾಪ ಸೋಪು ತಿಂದ್ರಂತೆ" ಅಂದ್ರು. ತಟ್ಟೆಗೆ ಇನ್ನಷ್ಟು ಸೊಪ್ಪು ಹಾಕಿದೆ. ಪೂರ್ತಿ ತಿಂದ್ರು.

ಮಾರ್ಚ್ 10, ಸೋಮವಾರ. ಮಧ್ಯಾಹ್ನ 2

ವಿಚಾರಣೆ ಕಾಗದಕ್ಕೆ ಸಹಿ ಹಾಕಿ ಅಂತ ಕರೆದ್ರು. ಅದಕ್ಕೆ ಆ ಚೀಟಿ ಪಿನ್ ಮಾಡಿದ್ರು. ಮೊದಲ ಸಲ ಕಣ್ಣಾರೆ ನೋಡಿದೆ.

"ಸೂಪಿಗೆ ಸೋಪು ಹಾಕಬೇಡಿ. ಹೋಟೆ ತೊಳಸೂತೆ."

ಹೋಟೆ!

ಈ ಭೂಮಿ ಮೇಲೆ ಹೊಟ್ಟೆಯನ್ನ ಹೋಟೆ ಅಂತ ಬರೆಯೋ ಗಂಡಸು ಒಬ್ಬನೇ. ನನ್ನ ಮನೇಲೇ ಇದಾನೆ. ಒತ್ತಕ್ಷರ ಅಂದ್ರೆ ಇವರಿಗೆ ಆಗದು. ಒತ್ತು ಬಿಟ್ಟು ಹಿಂದಿನ ಅಕ್ಷರ ಎಳೀತಾರೆ. ಇವರ ಅಂಗಡಿ ಚೀಟಿ ನೋಡಬೇಕು — ಆಕಿ, ಊಪು, ಬೇಲ. ಅಕ್ಕಿ, ಉಪ್ಪು, ಬೆಲ್ಲ ಅಂತ ನಾನೂ ಅಂಗಡಿಯವನೂ ಓದ್ಕೋತೀವಿ. ಅಂದಮೇಲೆ ಇದು ಸೋಪಲ್ಲ. ಸೊಪ್ಪು.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಆ ಬರೆ ಹಾಕಿದ ಕೈ ನನ್ನದು. ಸಹಿ ಹಾಕಲಿಲ್ಲ. ತಲೆನೋವು ಅಂತ ಹೇಳಿ ಎದ್ದು ಬಂದೆ.

ಅದೇ ದಿನ. ಸಂಜೆ 7

"ಏನ್ರೀ, ಆ ಚೀಟಿ ನಿಮ್ಮದಾ?"

ಟವೆಲ್ ಮಡಿಸಿದ್ರು. ಬಿಚ್ಚಿದ್ರು. ಮತ್ತೆ ಮಡಿಸಿದ್ರು. "ಯಾವ ಚೀಟಿ? ನಾನು ಬರೆದಿದ್ದು ಸೊಪ್ಪಿನ ವಿಷಯ. ಸೋಪಿನ ಚೀಟಿ ಬೇರೆ ಯಾರದೋ."

"ನಿಮ್ಮ ಸೊಪ್ಪೇ ರೀ ಸೋಪು!"

ಐದು ನಿಮಿಷ ಬೇಕಾಯ್ತು ಅರ್ಥ ಆಗೋಕೆ. ಆಮೇಲೆ ಮೆಲ್ಲಗೆ ಅಂದ್ರು — "ನೋಡೇ, ನನ್ನ ಬಾಯಿಗೂ ಕೊತ್ತಂಬರಿ ಹಾಗೇ. ಬಟ್ಟೆ ಸೋಪು ಕಚ್ಚಿದ ಹಾಗೆ. ಚಿಕ್ಕಂದಿನಿಂದಲೂ."

"ಮತ್ತೆ ಚೆನ್ನಾಗಿದೆ ಅಂದಿದ್ದು?"

"ಹೊಸ ಮದುವೆ. ನೀನು ಸೌಟು ಹಿಡ್ಕೊಂಡು ಎದುರಿಗೇ ನಿಂತಿದ್ದೆ."

ಇಪ್ಪತ್ತೆರಡು ವರ್ಷ! ಎರಡೆರಡು ಹಿಡಿ! ಪ್ರೀತಿ ಅಂತ ಹಾಕ್ತಿದ್ದೆನಲ್ಲ ನಾನು! ಈ ಗುಮ್ಮನಗುಸುಕ ಸೋಪು ನುಂಗ್ತಾ ಕೂತಿದ್ರಾ? ಬಾಯಿ ಬಿಟ್ಟು ಹೇಳೋಕೇನಾಗಿತ್ತು ಅಂತ ಕೂಗಾಡಿದೆ.

"ಹೇಳಿದ್ರೆ ಕೇಳ್ತಿದ್ಯಾ?" ಅಂದ್ರು. "ಡಬ್ಬಕ್ಕೆ ಹಾಕಿದ್ರೆ ಹೆಸರಿರಲ್ಲ. ನೀನು ಬೈಯೋದು ಇಡೀ ಫ್ಯಾಕ್ಟರಿಗೆ ಹಂಚಿಹೋಗುತ್ತೆ ಅಂದ್ಕೊಂಡೆ."

ನಗು ಬರ್ತಿತ್ತು. ನಗಲಿಲ್ಲ. ನಾಳೆ ಮ್ಯಾನೇಜರ್ ಎದುರಿಗೆ ಬಂದು ಹೇಳಬೇಕು ಅಂದೆ. ಮುಖ ಬಿಳಿಚಿಕೊಳ್ತು. ಆದ್ರೂ ಹೂಂ ಅಂದ್ರು.

ಮಾರ್ಚ್ 11, ಮಂಗಳವಾರ

ಹೇಳಿದ್ರು. ಎಲ್ಲರ ಎದುರಿಗೆ. ದೊಡ್ಡ ದೊಡ್ಡ ಮೆಷಿನ್ ಬಿಚ್ಚೋ ಮನುಷ್ಯ, ಅಂಗಿ ಪೂರ್ತಿ ಬೆವರು. "ಇವಳ ಸೂಪು ನನಗೆ ಸೋಪು ಸಾರ್" ಅಂದ್ರು. ನನ್ನ ಮರ್ಯಾದೆ ಮೂರು ಕಾಸಿಗೆ ಹೋಯ್ತು. ಪ್ಯಾಕಿಂಗ್‌ನವರು ಚಪ್ಪಾಳೆ ಹೊಡೆದ್ರು.

ಮ್ಯಾನೇಜರ್ ನಂಬಲಿಲ್ಲ. "ಹೆಂಡತಿ ಅಡುಗೆಮನೆ ಉಳಿಸೋಕೆ ನಾಟಕ ಆಡ್ತಿದೀರಾ? ಬರೀರಿ ನೋಡೋಣ" ಅಂತ ಪೆನ್ನು ಕೊಟ್ಟು, "ಅಕ್ಕನ ಹೊಟ್ಟೆಗೆ ಬೆಲ್ಲ, ಉಪ್ಪು, ಸೊಪ್ಪು" ಅಂತ ಹೇಳಿ ಬರೆಸಿದ್ರು. ಇವರು ನಾಲಿಗೆ ಕಚ್ಕೊಂಡು ಬರೆದ್ರು — ಆಕನ ಹೋಟೆಗೆ ಬೇಲ, ಊಪು, ಸೋಪು.

"ತಪ್ಪಿದ್ಯಾ ಸಾರ್?" ಅಂತ ಬೇರೆ ಕೇಳಿದ್ರು. ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಎಲ್ಲರೂ ನಕ್ಕರು. ಠಣಠಣ ಮಾತ್ರ ನಗಲಿಲ್ಲ, ಬಾಗಿಲ ಹತ್ತಿರ ನಿಂತಿದ್ದಳು.

ಆಮೇಲೆ ಮ್ಯಾನೇಜರ್ ನನ್ನ ಕಡೆ ತಿರುಗಿದ್ರು. "ಸೋಪು ಇರಲೇ ಇಲ್ಲ, ಸರಿ. ಮತ್ತೆ ಇವಳು ಜಾಲಿಸಲ್ಲ ಅಂದ್ರಲ್ಲ, ಅದು?"

ಆಗ ಹೇಳಬೇಕಿತ್ತು. ಇವರು ಇನ್ನೂ ಬೆವರು ಒರೆಸ್ಕೊಳ್ತಾ ಪಕ್ಕದಲ್ಲೇ ನಿಂತಿದ್ರು. ಒಂದೇ ಮಾತು ಸಾಕಿತ್ತು. ನಾನು ಅಂದಿದ್ದು — "ಒಂದೊಂದು ಸಲ ಸಾರ್... ಗಡಿಬಿಡೀಲಿ..."

"ಹಾಗಾದ್ರೆ ಒಂದು ಎಚ್ಚರಿಕೆ ಪತ್ರ ಕೊಟ್ಟು ವಾಪಸ್ ತಗೊಳ್ಳೋಣ" ಅಂದ್ರು. ಮುಗೀತು. ಕೆಲಸ ಉಳೀತಲ್ಲ, ಇನ್ನೇನು ಬೇಕು ಅವಳಿಗೆ?

ಮಾರ್ಚ್ 13, ಗುರುವಾರ

ಬರಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಪತ್ರ ತಗೊಂಡಿಲ್ಲವಂತೆ. ಶನಿವಾರದೊಳಗೆ ಬರದಿದ್ರೆ ಬೇರೆಯವಳನ್ನ ಹುಡುಕ್ತೀವಿ ಅಂದ್ರು ಆಫೀಸಿನವರು.

ಕೆಲಸ ಮುಗಿಸಿ ಅವಳ ಮನೆಗೆ ಹೋದೆ. ಒಂದೇ ಕೋಣೆ. ನೀರು ಕೊಟ್ಟಳು, ಕೂತ್ಕೋ ಅನ್ನಲಿಲ್ಲ.

"ಏನೇ ನಿನ್ನ ಹಟ? ಒಂದು ಕಾಗದ ತಾನೇ, ತಗೊಂಡು ಬಂದುಬಿಡು."

"ಸಹಿ ಹಾಕಿದ್ರೆ ಹೌದು ಅಂದ ಹಾಗಲ್ವಾ ಅಕ್ಕ? ಜಾಲಿಸಲ್ಲ ಅಂತ."

"ಯಾರು ಓದ್ತಾರೆ ಅದನ್ನ?"

"ನೀನು ಇನ್ನೂರು ಜನರ ಎದುರಿಗೆ ಹೇಳಿದ್ಯಲ್ಲ." ದನಿ ಏರಿಸಲಿಲ್ಲ. "ಒಂಬತ್ತು ವರ್ಷ ಒಂದೇ ಅಡುಗೆಮನೇಲಿ ಇದ್ವಿ. ಎಷ್ಟು ನೀರಲ್ಲಿ ಜಾಲಿಸ್ತೀನಿ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತು ಅಂದೆ.

"ನನಗೆ ಹೇಳಬೇಡ. ಅವತ್ತು ಎಲ್ಲಿ ಹೇಳಿದ್ಯೋ ಅಲ್ಲಿ ಹೇಳು. ಬರ್ತೀನಿ."

ದಾರಿಯುದ್ದಕ್ಕೂ ಅವಳನ್ನೇ ಬೈಕೊಂಡು ಬಂದೆ. ಎಷ್ಟು ಪೊಗರು! ಮನೆ ಬಾಗಿಲು ಬರೋ ಹೊತ್ತಿಗೆ ಬೈಗುಳ ಮುಗಿದುಹೋಗಿತ್ತು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 6

ಇವತ್ತು ಊಟದ ಹೊತ್ತಿಗೆ ಹೇಳ್ತೀನಿ. ಬಾಯಿಪಾಠ ಬರಲ್ಲ ನನಗೆ, ಎದುರಿಗೆ ನಿಂತ್ರೆ ಮತ್ತೆ ಗಡಿಬಿಡಿ ಅಂದುಬಿಟ್ಟೇನು. ಬರ್ಕೊಂಡು ಹೋಗಿ ಓದ್ತೀನಿ. ಇಲ್ಲಿ ಕರಡು.

"ಎಲ್ಲರಿಗೂ. ಹೋದ ವಾರ ಬುಧವಾರ ಒಂದು ತಪ್ಪಾಗಿದೆ."

ಛೆ. ತಪ್ಪು ತಾನಾಗೇ ಆಯ್ತಾ? ಮತ್ತೆ.

"ಎಲ್ಲರಿಗೂ. ಹೋದ ವಾರ ಬುಧವಾರ ನಾನು ಗಾಬರಿಯಲ್ಲಿ ಒಂದು ಮಾತು..."

ಗಾಬರಿ ಏನೂ ಇರಲಿಲ್ಲ. ಹೊಡೆದುಹಾಕಿದೆ. ಇವರು ಚಹಾ ತಂದಿಟ್ಟು, ಓದಿ ಒಳಗೆ ಹೋದ್ರು.

"ಇವಳು ಪ್ರತಿ ಬಟ್ಟಲನ್ನೂ ಮೂರು ನೀರಲ್ಲಿ ಜಾಲಿಸ್ತಾಳೆ. ಜಾಲಿಸಲ್ಲ ಅಂತ ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೇ ಹೇಳಿದೆ. ಯಾಕೆ ಅಂದ್ರೆ, ನನ್ನ ಅಡುಗೆ ಚೆನ್ನಾಗಿಲ್ಲ ಅಂತ ಯಾರಾದ್ರೂ ಅಂದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ, ಎದುರಿಗೆ ಸಿಕ್ಕವರ ಮೇಲೆ ಹಾಕಿಬಿಡ್ತೀನಿ."