ಗೂಡಿಗೆ ಹಾಕಿದ ಹುಲ್ಲು

ಅಕ್ಕ,

ಒಡಹುಟ್ಟಿದವಳೂ ನೀನೇ, ಒಂದೇ ಮನೆಯ ಅಣ್ಣತಮ್ಮಂದಿರಿಗೆ ನಮ್ಮಿಬ್ಬರನ್ನೂ ಕೊಟ್ಟಿದ್ದರಿಂದ ಓರಗಿತ್ತಿಯೂ ನೀನೇ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತವರಿಗೆ ಕಾಗದ ಬರೆಯುವ ಪ್ರಸಂಗವೇ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಬೇಕಾದ ದಿನ ನಾನು ಹೇಳಲಿಲ್ಲ, ಅದಕ್ಕೆ.

ನೀನು ಕೋಳಿಗಳಿಗೆ ಗೂಡು ಸಿದ್ಧ ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಟೊಮೇಟೊ ಕ್ರೇಟುಗಳನ್ನು ಅಡ್ಡ ಮಲಗಿಸಿ, ತಳಕ್ಕೆ ಒಲೆಯ ಬೂದಿ ಉದುರಿಸಿ, ಅದರ ಮೇಲೆ ನಾಲ್ಕು ಎಸಳು ಬೇವಿನ ಸೊಪ್ಪು. ಆಮೇಲೆ ಮಾಳಿಗೆಯ ಮೇಲೆ ಎರಡು ದಿನ ಬಿಸಿಲು ಕಂಡ ರಾಗಿ ಹುಲ್ಲು, ಗೇಣುದ್ದಕ್ಕೆ ಕತ್ತರಿಸಿದ್ದು. ಕೊನೆಗೆ ಮುಷ್ಟಿಯಿಂದ ನಡುವೆ ಒತ್ತಿ ಒಂದು ಗುಂಡಿ. ನಮ್ಮ ಹಾಸಿಗೆಗೂ ನೀನು ಇಷ್ಟು ಮಾಡಲ್ಲ ಎಂದು ನಾನು ರೇಗಿಸಿದ್ದೆ. "ನಿಂಗೆ ಹಾಸಿಗೆ ಸರಿ ಇಲ್ದಿದ್ರೆ ಬಾಯಿ ಐತೆ, ಹೇಳ್ತೀಯ. ಅದೆಲ್ಲಿ ಹೇಳ್ತದೆ? ಸುಮ್ನೆ ಬೇಲಿ ಸಂದೀಲಿ ಹೋಗಿ ಮೊಟ್ಟೆ ಇಡ್ತದೆ" ಅಂದಿದ್ದೆ ನೀನು. ನನಗೆ ಬಾಯಿ ಇತ್ತಲ್ಲ ಅಕ್ಕ, ಆದರೂ...

ತೋಟದಿಂದ ಮಾವಿನಕಾಯಿ ಬಂದ ಆ ಬೆಳಿಗ್ಗೆ ನೀನು ಊರಲ್ಲಿರಲಿಲ್ಲ. ಇಲ್ಲೇ ಹತ್ತಿರದ ವಿಜಯಪುರಕ್ಕೆ, ನಿನ್ನ ಮಗಳು ಸವಿತಾಳ ಮನೆಗೆ ಹೋಗಿದ್ದೆ. ಕಾಯಿ ಹಣ್ಣಿಗೆ ಹಾಕಲು ಹಿತ್ತಲ ಮೆದೆಯಿಂದ ಎರಡು ತೋಳಷ್ಟು ಹುಲ್ಲು ಹಿರಿದುಕೊಂಡೆ. ಅಷ್ಟರಲ್ಲಿ ರಸ್ತೆಯಲ್ಲಿ ನನ್ನನ್ನು ಕೆಲಸಕ್ಕೆ ಒಯ್ಯುವ ಗಾರ್ಮೆಂಟ್ಸ್ ಬಸ್ಸಿನ ಹಾರನ್. ಟಾರ್ಪಾಲನ್ನು ಎಳೆದು ಕಲ್ಲು ಹೇರುವುದು ಬಿಟ್ಟು ಓಡಿದೆ. ಮಧ್ಯಾಹ್ನ ಸುರಿದ ಮಳೆಗೆ ಮೆದೆ ಒಳಗಿನವರೆಗೂ ನೆನೆಯಿತು. ಸಂಜೆ ಬಂದವಳು ಹರಡಿ ಒಣಗಿಸಬೇಕಿತ್ತು. ಹಾಗೇ ಮೇಲೆ ಟಾರ್ಪಾಲು ಮುಚ್ಚಿಬಿಟ್ಟೆ. ವಾರ ಕಳೆದು ಒಳಗೆ ಕೈ ಹಾಕಿದರೆ ಬಿಸಿ ಬಿಸಿ, ಕೈ ಹೊರಗೆ ತೆಗೆದರೆ ಬೆರಳಿಗೆಲ್ಲ ಬೂದುಬಣ್ಣದ ಬೂಷ್ಟು. ಭಾನುವಾರ ತಿಪ್ಪೆಗೆ ಹಾಕೋಣ ಅಂದುಕೊಂಡೆ. ಎರಡು ಭಾನುವಾರ ಹೋದವು. ನೀನು ವಾಪಸು ಬಂದ ಮೇಲಾದರೂ ಯಾಕೆ ಹೇಳಲಿಲ್ಲ? ನೀನು ಬೈಯುವವಳಾಗಿದ್ದರೆ ಹೇಳುತ್ತಿದ್ದೆನೇನೋ. ನೀನು ಬೈಯುತ್ತಿರಲಿಲ್ಲ, ಸುಮ್ಮನೆ ಸೆರಗು ಸಿಕ್ಕಿಸಿಕೊಂಡು ನೀನೇ ಮಾಡಿಬಿಡುತ್ತಿದ್ದೆ. ಅದನ್ನು ನೋಡುವುದು ನನಗೆ ಬೈಗುಳಕ್ಕಿಂತ ಕಷ್ಟ.

ಎರಡನೆಯ ಭಾನುವಾರ ಕಳೆದ ಮೇಲೆ ಒಂದು ದಿನ ಸಂಜೆ ಆರಕ್ಕೆ ನಾನು ಫ್ಯಾಕ್ಟರಿಯಿಂದ ಬಂದಾಗ ನೀನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ತಲೆಗೂದಲು, ಹುಬ್ಬು, ರವಿಕೆಯ ತೋಳು ಎಲ್ಲ ಧೂಳು. ಮೆದೆಯ ಅರ್ಧ ತಿಪ್ಪೆ ಸೇರಿತ್ತು. ಒಳ್ಳೆಯದನ್ನು ಹೆಕ್ಕಿ, ಕೊಡವಿ, ಕ್ರೇಟುಗಳಿಗೆಲ್ಲ ಹೊಸದಾಗಿ ಹಾಕಿದ್ದೆ.  "ಎದೆ ಬಿಗಿದಂಗೆ ಆಯ್ತೈತೆ ಕಣೆ, ಆ ಪಂಪು ಕೊಡು" ಅಂದೆ ನೀನು, ಅಷ್ಟೆ. ಮೊದಲಿನಿಂದಲೂ ನಿನಗೆ ಉಬ್ಬಸ. ಎರಡು ಸಲ ಪಂಪು ಎಳೆದರೆ ಸರಿಹೋಗುತ್ತಿತ್ತು. ಆವತ್ತು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಇವರು ಧೂಳಲ್ಲಿ ಏನಾದರೂ ಕೆಲಸ ಮಾಡಿದರಾ ಎಂದರು. ಭಾವ ನನ್ನ ಮುಖ ನೋಡಿದರು. ಮನೆಯಲ್ಲೇ ಇದ್ದರು, ಅಂಥದ್ದೇನಿಲ್ಲ ಎಂದೆ. ನೀನು ಮುಖಕ್ಕೆ ಆಕ್ಸಿಜನ್ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದೆ. ಆ ನೋಟದ ಅರ್ಥ ಏನಿತ್ತು? ಹೇಳು ಅಂತಲೋ, ಬೇಡ ಅಂತಲೋ? ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಾಫಿ ತರಲು ಕೆಳಗೆ ಇಳಿದಿದ್ದೆ. ಮೇಲೆ ಬರುವಷ್ಟರಲ್ಲಿ...

ನಿನ್ನ ಕಾರ್ಯವೆಲ್ಲ ಮುಗಿದ ಮೇಲೆ ನಾನು ಮೊದಲು ಮಾಡಿದ ಕೆಲಸ, ಹಿತ್ತಲಲ್ಲಿ ಒಂದು ಕಡ್ಡಿ ಹುಲ್ಲೂ ಉಳಿಯದಂತೆ ಸಾಗಿಸಿದ್ದು. ಆದರೆ ಏಳು ಹೇಂಟೆಗಳಿದ್ದವಲ್ಲ, ಗೂಡಿಗೆ ಏನಾದರೂ ಹಾಕಲೇಬೇಕು. ಹಳೆಯ ಪೇಪರ್ ಹರಿದು ಹಾಕಿದೆ. ಅದು ಒಂದೇ ದಿನಕ್ಕೆ ಒದ್ದೆಯಾಗಿ ತಳಕ್ಕೆ ಅಂಟಿತು; ಮೊಟ್ಟೆ ಉರುಳಿ ಒಂದಕ್ಕೊಂದು ತಾಗಿ ಒಡೆದವು. ಒಡೆದದ್ದರ ರುಚಿ ಕಂಡ ಕರಿ ಹೇಂಟೆ ತಾನು ಇಟ್ಟ ಮೊಟ್ಟೆಯನ್ನು ತಾನೇ ಕುಕ್ಕತೊಡಗಿತು. ಆಮೇಲೆ ನಮ್ಮ ಮನೆಯ ರೇಷ್ಮೆ ಮಗ್ಗದ ಕೆಳಗೆ ಬೀಳುವ ನೂಲಿನ ವೇಸ್ಟು ಹಾಕಿದೆ. ಎಷ್ಟು ಮೆತ್ತಗಿತ್ತು ಗೊತ್ತಾ? ನಿನಗೆ ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಮೂರನೆಯ ದಿನ ಚುಕ್ಕಿ ಹೇಂಟೆ ಕುಂಟುತ್ತಿತ್ತು. ಹಿಡಿದು ನೋಡಿದರೆ ಬೆರಳಿಗೆ ರೇಷ್ಮೆ ಎಳೆ ಬಿಗಿದು ಚರ್ಮದೊಳಗೆ ಹೂತುಹೋಗಿದೆ, ಬೆರಳು ಕಪ್ಪಾಗಿದೆ. ಬ್ಲೇಡಿನಿಂದ ಎಳೆ ಕತ್ತರಿಸಿದೆ, ಬೆರಳು ಉಳಿಯಲಿಲ್ಲ. ಆವತ್ತು ಅರ್ಥವಾಯಿತು, ನಿನಗೆ ಹೊಳೆಯದೇ ಇದ್ದದ್ದಲ್ಲ ಅಂತ.

ಸಾಮಿಲ್ಲಿನಿಂದ ಮರದ ಪುಡಿ ತಂದ ವಾರದ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ರಜೆಯ ದಿನ, ಮಧ್ಯಾಹ್ನ ಮೂರರ ಹೊತ್ತು. ಮನೆಯವರು ಮಗ್ಗ ನಿಲ್ಲಿಸಿ ಊಟಕ್ಕೆ ಕೂತಿದ್ದರು, ಹಾಗಾಗಿ ಮನೆ ನಿಶ್ಶಬ್ದ. ಹಿತ್ತಲಿನಿಂದ ನಿನ್ನ ಉಸಿರು ಕೇಳಿಸಿತು. ನಿನ್ನದೇ ಅಕ್ಕ. ಒಳಕ್ಕೆ ಎಳೆಯುವಾಗ ಸಣ್ಣಗೆ ಸೀಟಿ, ಹೊರಗೆ ಬಿಡುವಾಗ ಗೊರಗೊರ. ನಾನು ಪಂಪು ಇಡುತ್ತಿದ್ದ ಗೋಡೆಯ ಗೂಡಿಗೆ ಕೈ ಹಾಕಿದೆ, ಅಲ್ಲಿ ಪಂಪು ಇರಲಿಲ್ಲ, ನೀನು ಹೋಗಿ ಮೂರು ತಿಂಗಳಾಗಿತ್ತು. ಹಿತ್ತಲಿಗೆ ಹೋದರೆ ಕರಿ ಹೇಂಟೆ ಕ್ರೇಟಿನಲ್ಲಿ ಕೂತು, ಕುತ್ತಿಗೆ ಚಾಚಿ, ಬಾಯಿ ತೆರೆದು ಉಸಿರಾಡುತ್ತಿದೆ. ಮೂಗಿನ ಸುತ್ತ ಮರದ ಪುಡಿ ಅಂಟಿದೆ. ನನ್ನನ್ನು ನೋಡಿತು. ಆಸ್ಪತ್ರೆಯಲ್ಲಿ ನೀನು ನೋಡಿದ ಹಾಗೆ. ನಾನು ಅದನ್ನು ಎತ್ತಿಕೊಂಡು ಸೆರಗಿನಿಂದ ಮೂಗಿನ ಪುಡಿ ಒರೆಸಿದೆ.

ಮರುದಿನ ಕೆಲಸಕ್ಕೆ ರಜೆ ಹಾಕಿ ಅದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ದೊಡ್ಡಬಳ್ಳಾಪುರದ ದನದ ಆಸ್ಪತ್ರೆಗೆ ಹೋದೆ. ಡಾಕ್ಟರು ಔಷಧಿ ಕೊಟ್ಟರು. ನುಣ್ಣನೆಯ ಪುಡಿ ಹಾಕಬೇಡಿ, ಬಡಗಿ ಮರ ಉಜ್ಜಿದಾಗ ಬೀಳುತ್ತದಲ್ಲ, ಆ ಅಗಲ ಸುರುಳಿ ಸಿಪ್ಪೆ ಹಾಕಿ, ಇಲ್ಲವೇ ಚೆನ್ನಾಗಿ ಒಣಗಿದ ಹುಲ್ಲು ಹಾಕಿ ಎಂದರು. ಹುಲ್ಲು ಎಂದಾಗ ನನ್ನ ಮುಖ ಏನಾಯಿತೋ. ಬೂಷ್ಟು ಹಿಡಿದದ್ದು ಮಾತ್ರ ಬೇಡ, ಅದರ ಧೂಳು ಕೋಳಿಗೂ ಕೆಟ್ಟದ್ದು, ಕೊಡವುವವರಿಗೂ ಕೆಟ್ಟದ್ದು ಎಂದು ಸೇರಿಸಿದರು. ಉಬ್ಬಸ ಇರುವವರು ಕೊಡವಿದರೆ ಎಂದು ಕೇಳಿದೆ. "ಅಂಥವ್ರು ಹತ್ರನೂ ಹೋಗ್ಬಾರ್ದಮ್ಮ" ಎಂದರು. ಬುಟ್ಟಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದೆ.

ಭಾವನಿಗೆ ಹೇಳಿದ್ದು ಅದೇ ದಿನ. ಮಗ್ಗ ಓಡುತ್ತಿತ್ತು, ಅದರ ಸದ್ದಿನಲ್ಲಿ ಕೇಳಿಸದೇ ಹೋಗಲಿ ಎಂಬ ಆಸೆ ಇತ್ತೇನೋ ನನಗೆ. ಅವರು ಸ್ವಿಚ್ ಆರಿಸಿದರು. ಟಾರ್ಪಾಲು, ಮಳೆ, ಎರಡು ಭಾನುವಾರ, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು.

"ನಿನ್ನಕ್ಕಂಗೆ ಗೊತ್ತಿತ್ತಮ್ಮ," ಅಂದರು. "ಮೆದೆ ನೆಂದೈತೆ, ತಂಗಿ ಬರೋದ್ರೊಳಗೆ ತೆಗ್ದುಬಿಡ್ತೀನಿ, ನೋಡಿದ್ರೆ ನೊಂದ್ಕೊತಾಳೆ ಅಂದ್ಲು. ನಾನೇ ತಡೀಬೇಕಿತ್ತು. ಆರ್ಡರ್ ಸೀರೆ ಇತ್ತು, ಮಗ್ಗ ಬಿಟ್ಟು ಏಳ್ಲಿಲ್ಲ."

ಹಾಗಾದರೆ ಆಸ್ಪತ್ರೆಯಲ್ಲಿ ಅವರು ನನ್ನ ಮುಖ ನೋಡಿದ್ದು ಅದಕ್ಕೇ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದೆವು. ನಾನು ನೊಂದುಕೊಳ್ಳಬಾರದು ಅಂತ ನೀನು ಆ ಧೂಳಿನೊಳಗೆ ಇಳಿದೆಯಾ ಅಕ್ಕ? ಇದನ್ನು ಕೇಳಿ ಭಾರ ಇಳಿಯಿತು ಎಂದು ನೀನು ತಿಳಿದರೆ ಅದು ತಪ್ಪು. ಆಮೇಲೆ ನಾನು ನಿನ್ನ ಉಸಿರನ್ನು ಇನ್ನೂ ಹೆಚ್ಚು ಕೇಳತೊಡಗಿದೆ. ಬಸ್ಸಿನಲ್ಲಿ ಪಕ್ಕದವಳು ನಿದ್ದೆ ಹೋದರೂ ಅದೇ, ಫ್ಯಾಕ್ಟರಿಯಲ್ಲಿ ಇಸ್ತ್ರಿಯ ಹಬೆ ಬಿಟ್ಟರೂ ಅದೇ.

ಸವಿತಾಳಿಗೆ ಹೇಳಬೇಡ ಎಂದಿದ್ದರು ಭಾವ. ನಾನು ಹೇಳಿದೆ. ಅವಳು ನಿನ್ನ ವರ್ಷದ ತಿಥಿಗೆ ಬಂದಿದ್ದಳು, ಎಡೆ ಇಟ್ಟು ಎಲ್ಲರೂ ಎದ್ದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದೆ. ಆಗ ಅವಳಿಗೆ ಮೂರು ತಿಂಗಳು. ಅತ್ತಳಾ? ಇಲ್ಲ. ಡಾಕ್ಟರ್ ಕೇಳಿದಾಗಲಾದರೂ ಯಾಕೆ ಹೇಳಲಿಲ್ಲ ಎಂದು ಒಂದೇ ಮಾತು ಕೇಳಿದಳು.  ಊಟಕ್ಕೆ ಕೂರದೆ ಗಂಡನ ಬೈಕು ಹತ್ತಿದಳು. ಆರು ತಿಂಗಳು ನನ್ನ ಫೋನು ಎತ್ತಲಿಲ್ಲ. ಸೀಮಂತಕ್ಕೆ ಭಾವ ಒಬ್ಬರೇ ಹೋಗಿ ಬಂದರು. ಬಾಣಂತನ ಅವಳ ಅತ್ತೆ ಮನೆಯಲ್ಲೇ ಎಂದು ಊರವರು ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿದೆ. ಆಸ್ಪತ್ರೆಯಿಂದ ಅವಳು ತಾನಾಗಿಯೇ ಹೇಳಿ ನಮ್ಮ ಮನೆಗೇ ಬಂದಳು. ಇಪ್ಪತ್ತು ದಿನವಾಯಿತು. ನಾನು ಫ್ಯಾಕ್ಟರಿಗೆ ಹೋಗುವುದನ್ನು ಬಿಟ್ಟಿದ್ದೇನೆ. ನನ್ನ ಜೊತೆ ಅವಳ ಮಾತು ಕಡಿಮೆ. ಬೇಕಾದ್ದನ್ನು ಕೇಳುತ್ತಾಳೆ, ಕೊಟ್ಟದ್ದನ್ನು ಉಣ್ಣುತ್ತಾಳೆ. ಮೊದಲ ವಾರ ಮಗುವಿಗೆ ನೀರು ಹಾಕಲು ಪಕ್ಕದ ಬೀದಿಯ ಅಜ್ಜಿಯನ್ನು ಕರೆಸುತ್ತಿದ್ದೆ. ನನ್ನ ಕೈ ಅವಳಿಗೆ ಇಷ್ಟವಿದೆಯೋ ಇಲ್ಲವೋ ಎಂಬ ಅಳುಕು. ಒಂದು ಬೆಳಿಗ್ಗೆ ಅಜ್ಜಿ ಬರಲಿಲ್ಲ. ನಾನು ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡೆ. ಸವಿತಾ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಅವಳ ಹಣೆ, ಕುತ್ತಿಗೆ, ನಿನ್ನದೇ. ನಾನು ತಲೆ ತಗ್ಗಿಸಿ ನೀರು ಹೊಯ್ದೆ.

"ಚಿಕ್ಕಮ್ಮ, ನಂಗೆ ಇನ್ನೂ ಸಮಾಧಾನ ಆಗಿಲ್ಲ," ಅಂದಳು. "ಯಾವಾಗ ಆಯ್ತದೋ ಗೊತ್ತಿಲ್ಲ. ಆದ್ರೆ ಮಗೂಗೆ ನೀರ್ ಹಾಕಕ್ಕೆ ಇನ್ಮೇಲೆ ಬೇರೆ ಯಾರ್ನೂ ಕರೀಬೇಡ."

ಇವತ್ತಿಗೆ ಹನ್ನೆರಡನೆಯ ದಿನ, ನಾನೇ ಹಾಕುತ್ತಿದ್ದೇನೆ. ನಾಳೆಯೂ ಹಾಕುತ್ತೇನೆ.

ನಿನ್ನ ತಂಗಿ